ಮ್ಯಾಚ್ ಡ್ರಾ ಆದ್ರೂ ಕಪ್ ಹೆಂಗ ಬಂತು? ರಣಜಿ ಗೊತ್ತಿದ್ದವರು ಸ್ವಲ್ಪ ಹೇಳ್ರಿ

ರಾಜನಗರ ಎಂಡ್:

ಎಲ್ಲಾರಿಗೂ ನಮಸ್ಕಾರ್ರಿ. ನಾ ಹುಬ್ಬಳ್ಳಿಯಾಂವ, ಮನಿ ರಾಜನಗರ ಸ್ಟೇಡಿಯಂನಿಂದ ನಡಕೊಂಡು ಹೋಗೋವಷ್ಟು ಹತ್ರ ಐತಿ, ಆದ್ರ ಖರೇ ಹೇಳ್ತೀನಿ ಇಷ್ಟು ವರ್ಷದಾಗ ಒಂದು ದಿನಾನೂ ಒಳಗ ಹೋಗಿ ಮ್ಯಾಚ್ ನೋಡಿಲ್ಲ. ಇಂಡಿಯಾ ಮ್ಯಾಚು, ಐಪಿಎಲ್ಲು, ಅಷ್ಟ ನಮ್ಮ ಕ್ರಿಕೆಟ್. ಮಗಗ ಈಗ 11 ವರ್ಷ, ಈ ಬ್ಯಾಸಗಿ ಕೋಚಿಂಗ್ ಕ್ಯಾಂಪಿಗೆ ಹಾಕಿದ ಮ್ಯಾಲೆ ಅಂವ ಕೇಳೋ ಪ್ರಶ್ನೆಗೆ ನನ್ನ ಹತ್ರ ಉತ್ತರಾನ ಇಲ್ಲ, ಅದಕ್ಕ ಇಲ್ಲಿ ಕೇಳಾಕತ್ತೀನಿ.

ಮೊನ್ನೆ ಇಬ್ರೂ ಕುಂತು 2024-25ರ ರಣಜಿ ಫೈನಲ್ ಹೈಲೈಟ್ಸ್ ನೋಡಿದ್ವಿ, 2025ರ ಮಾರ್ಚ್‌ನಾಗ ನಾಗಪುರದಾಗ ಮುಗಿದಿದ್ದು, ವಿದರ್ಭ ಮತ್ತ ಕೇರಳದ್ದು. ಕೊನೀಗೆ ಮ್ಯಾಚ್ ಡ್ರಾ ಅಂತ ಬಂತು, ಆದ್ರ ವಿದರ್ಭದವರು ಕಪ್ ಹಿಡ್ಕೊಂಡು ಕುಣ್ಯಾಕತ್ತಿದ್ರು. ನನ್ನ ಮಗ "ಡ್ರಾ ಅಂದ್ರ ಇಬ್ರೂ ಸಮ ಅಲ್ಲೇನು ಪಪ್ಪಾ, ಮತ್ತ ಇವ್ರಿಗೆ ಯಾಕ ಕೊಟ್ರು" ಅಂತ ಕೇಳಿದ, ನಾ ಏನ್ ಹೇಳ್ಲಿ. ಅದರಾಗ ನೋಡಿದ್ರ ಕರುಣ್ ನಾಯರ್ ವಿದರ್ಭದ ಪರವಾಗಿ ಸೆಂಚುರಿ ಹೊಡದಾನ, ಅಂವ ನಮ್ಮಾಂವ ಅಲ್ಲೇನ್ರಿ? ಮತ್ತ ವಿದರ್ಭ ಅಂದ್ರ ಮಹಾರಾಷ್ಟ್ರದಾಗ ಐತಿ, ಮುಂಬೈನೂ ಮಹಾರಾಷ್ಟ್ರದಾಗ ಐತಿ, ಮಹಾರಾಷ್ಟ್ರ ಅಂತ ಬ್ಯಾರೆ ಟೀಮೂ ಐತಿ, ಇದೇನ್ ಲೆಕ್ಕ?

ಇನ್ನೊಂದು ಮಾತು. ಅಕ್ಟೋಬರ್‌ನಾಗ ಹೊಸ ಸೀಸನ್ ಶುರು ಅಂತ ಕೇಳೀನಿ. ಅಂವನ್ನ ಕರಕೊಂಡು ಹೋಗಿ ನಾಲ್ಕು ದಿನದ ಮ್ಯಾಚ್ ತೋರಸ್ಬೇಕಂತ ಆಸೆ ಐತಿ, ಆದ್ರ "ನಮ್ಮ ಟೀಮ್ ಅಂದ್ರ ಆರ್‌ಸಿಬಿ, ಈ ಕರ್ನಾಟಕ ಟೀಮ್‌ನಾಗ ಯಾರದಾರ" ಅಂತಾನ. ಹನ್ನೊಂದು ವರ್ಷದ ಹುಡುಗ ಅಷ್ಟು ಹೊತ್ತು ಕುಂದರ್ತಾನೇನ್ರಿ? ಅನುಭವ ಇದ್ದವ್ರು ಹೇಳ್ರಿ.

ಹಳೇ ಸ್ಕೋರ್‌ಬುಕ್:

ಸರ್, ನಿಮ್ಮ ಮಗ ಕೇಳಿರೋದು ಒಳ್ಳೇ ಪ್ರಶ್ನೆ. ನಾನು ಐವತ್ತು ವರ್ಷದಿಂದ ರಣಜಿ ನೋಡ್ತಿದೀನಿ, ಈ ಒಂದು ನಿಯಮ ಅರ್ಥ ಆದ್ರೆ ಅರ್ಧ ರಣಜಿ ಅರ್ಥ ಆದ ಹಾಗೆ.

ಲೀಗ್ ಮ್ಯಾಚ್ ನಾಲ್ಕು ದಿನ, ನಾಕೌಟ್ (ಸೋತ್ರೆ ಹೊರಗೆ ಹೋಗೋ ಮ್ಯಾಚು) ಐದು ದಿನ. ಎರಡೂ ಟೀಮು ಎರಡೆರಡು ಸಲ ಔಟಾಗಿ ಫಲಿತಾಂಶ ಬರೋದು ಯಾವಾಗಲೂ ಆಗಲ್ಲ. ಪೂರ್ತಿ ಗೆದ್ರೆ 6 ಪಾಯಿಂಟು, ಇನ್ನಿಂಗ್ಸ್ ಲೆಕ್ಕದಲ್ಲೋ 10 ವಿಕೆಟ್‌ನಿಂದಲೋ ಗೆದ್ರೆ ಇನ್ನೊಂದು ಬೋನಸ್. ಡ್ರಾ ಆದ್ರೆ ಮೊದಲನೇ ಇನ್ನಿಂಗ್ಸ್‌ನಲ್ಲಿ ಯಾರು ಒಂದೇ ಒಂದು ರನ್ ಜಾಸ್ತಿ ಮಾಡಿರ್ತಾರೋ ಅವರಿಗೆ 3, ಇನ್ನೊಬ್ಬರಿಗೆ 1. ನಾಕೌಟ್‌ನಲ್ಲಿ ಪಾಯಿಂಟ್ ಇಲ್ಲ, ಡ್ರಾ ಆದ್ರೆ ಲೀಡ್, ಅಂದ್ರೆ ಆ ಮೊದಲನೇ ಇನ್ನಿಂಗ್ಸ್‌ನ ಮುನ್ನಡೆ, ಇದ್ದವರೇ ಮುಂದಕ್ಕೆ ಹೋಗೋದು. ನಾಗಪುರದಲ್ಲಿ ವಿದರ್ಭ ಮೊದಲು 379 ಮಾಡಿತು, ಕೇರಳ 342ಕ್ಕೆ ಮುಗೀತು, ಆ 37 ರನ್ನೇ ಕಪ್ಪು. ಕೇರಳದ ಕ್ಯಾಪ್ಟನ್ ಸಚಿನ್ ಬೇಬಿ 98ಕ್ಕೆ ಔಟಾದ್ರಲ್ಲ, ಅಲ್ಲಿಗೆ ಹೆಚ್ಚುಕಡಿಮೆ ಫೈನಲ್ ಮುಗಿದಿತ್ತು, ಉಳಿದ ದಿನ ವಿದರ್ಭ ಔಟಾಗದೆ ಆಡ್ತಾ ಹೋದ್ರೆ ಸಾಕಿತ್ತು, ಕರುಣ್ 135 ಹೊಡೆದು ಅದನ್ನೇ ಮಾಡಿದ್ದು.

ನಿಮ್ಮ ಹುಡುಗನಿಗೆ ಅದೇ ಕೇರಳದ ಹಿಂದಿನ ಎರಡು ಮ್ಯಾಚ್ ತೋರಿಸಿ. ಕ್ವಾರ್ಟರ್ ಫೈನಲ್‌ನಲ್ಲಿ ಜಮ್ಮು ಕಾಶ್ಮೀರ 280, ಕೇರಳ 281. ಒಂದು ರನ್! ಕೊನೇ ವಿಕೆಟ್‌ಗೆ ಸಲ್ಮಾನ್ ನಿಜಾರ್ ಜೊತೆ ಬೇಸಿಲ್ ಥಂಪಿ ನಿಂತು 81 ರನ್ ಸೇರಿಸಿದ್ರು. ಆಮೇಲೆ ಅಹಮದಾಬಾದ್‌ನಲ್ಲಿ ಸೆಮಿಫೈನಲ್, ಕೇರಳ 457, ಗುಜರಾತ್ 455ಕ್ಕೆ ಬಂದು ಒಂದು ವಿಕೆಟ್ ಉಳಿದಿತ್ತು, ನಾಗ್ವಾಸ್‌ವಾಲ ಜೋರಾಗಿ ಬೀಸಿದ, ಚೆಂಡು ಶಾರ್ಟ್ ಲೆಗ್‌ನಲ್ಲಿದ್ದ ಅದೇ ಸಲ್ಮಾನ್ ನಿಜಾರ್ ಹೆಲ್ಮೆಟ್‌ಗೆ ಬಡಿದು ಮೇಲಕ್ಕೆ ಹಾರಿ ಸ್ಲಿಪ್‌ನಲ್ಲಿದ್ದ ಸಚಿನ್ ಬೇಬಿ ಕೈಗೆ ಬಿತ್ತು. ಎರಡು ರನ್ ಲೀಡ್, ಕೇರಳ ಮೊದಲನೇ ಸಲ ರಣಜಿ ಫೈನಲ್‌ಗೆ. ಟಿ20ಯಲ್ಲಿ ಕೊನೇ ಓವರ್ ಹೆಂಗೆ ಎದೆ ಹೊಡ್ಕೊಳ್ಳತ್ತೋ, ಇಲ್ಲಿ ಲೀಡ್‌ಗೆ ಇನ್ನು 20-30 ರನ್ ಬೇಕು ಎರಡೇ ವಿಕೆಟ್ ಇದೆ ಅಂದಾಗ ಅದೇ ತರ, ಆದ್ರೆ ಆರು ಬಾಲಲ್ಲಿ ಮುಗಿಯಲ್ಲ, ಒಂದೊಂದ್ಸಲ ಎರಡು ಗಂಟೆ ನಡೆಯುತ್ತೆ.

ಇನ್ನು "ನಮ್ಮ ಟೀಮ್ ಯಾವ್ದು" ಅಂದನಲ್ಲ ಮಗ, ಅದಕ್ಕೆ 1973-74ರ ಕಥೆ ಹೇಳಿ. ಬಾಂಬೆ 1958-59ರಿಂದ ಒಂದೇ ಸಮನೆ 15 ವರ್ಷ ರಣಜಿ ಗೆದ್ದಿತ್ತು, ಯಾರೂ ಮುಟ್ಟೋಕೆ ಆಗಿರ್ಲಿಲ್ಲ. ಅವರ ಮೇಲೆ ಸೆಮಿಫೈನಲ್ ನಮ್ಮ ಚಿನ್ನಸ್ವಾಮಿಯಲ್ಲಿ. ನಮ್ಮ ವಿಶ್ವನಾಥ್ 162, ಬ್ರಿಜೇಶ್ ಪಟೇಲ್ ಸೆಂಚುರಿ. ಆಮೇಲೆ ನಮ್ಮ ಸ್ಪಿನ್ನರ್ ಪ್ರಸನ್ನ ಬಾಂಬೆಯ ಗವಾಸ್ಕರ್‌ನ ಬೌಲ್ಡ್ ಮಾಡಿದ್ದು, ಆ ಬಾಲ್ ಬಗ್ಗೆ ಈಗಲೂ ಬೆಂಗಳೂರಿನ ಹಳಬರು ಮಾತಾಡ್ತಾರೆ. ಬಾಂಬೆಯ ವಾಡೇಕರ್ ಓಡ್ತಾ ಕಾಲು ಜಾರಿ ರನ್ ಔಟ್ ಆದ್ರು. ಅಲ್ಲೂ ಮ್ಯಾಚ್ ತೀರ್ಮಾನ ಆಗಿದ್ದು ಮೊದಲನೇ ಇನ್ನಿಂಗ್ಸ್ ಲೀಡ್‌ನಿಂದಲೇ. ಜೈಪುರದಲ್ಲಿ ರಾಜಸ್ತಾನದ ಮೇಲೆ ಫೈನಲ್ ಗೆದ್ದು ಮೊದಲನೇ ಕಪ್ ತಂದ್ರು. ನಾನಾಗ ಹೈಸ್ಕೂಲು, ಕಾಮೆಂಟರಿ ಕೇಳ್ಕೊಂಡು ಒಂದು ನೋಟ್‌ಬುಕ್‌ನಲ್ಲಿ ಸ್ಕೋರ್ ಬರೀತಿದ್ದೆ, ಆ ನೋಟ್‌ಬುಕ್ ಇನ್ನೂ ಇದೆ. ಮೈಸೂರು ಅಂತ ಇದ್ದ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದು ಇನ್ನೂ ಒಂದು ವರ್ಷ ತುಂಬಿರ್ಲಿಲ್ಲ, ಟೀಮಿಗೂ ಹೊಸ ಹೆಸರು, ಆ ಹೆಸರಲ್ಲಿ ಮೊದಲನೇ ಸೀಸನ್ನಲ್ಲೇ ಕಪ್ಪು. ಅದಕ್ಕೂ ಹಿಂದೆ ಹೋದ್ರೆ 1934ರ ನವೆಂಬರ್ 4ನೇ ತಾರೀಖು, ರಣಜಿ ಇತಿಹಾಸದ ಮೊಟ್ಟಮೊದಲ ಮ್ಯಾಚು ಆಡಿದ್ದೇ ನಾವು, ಮದ್ರಾಸಿನ ಚೆಪಾಕ್‌ನಲ್ಲಿ ಮದ್ರಾಸ್ ವಿರುದ್ಧ ಮೈಸೂರು. ಒಂದೇ ದಿನದಲ್ಲಿ ಸೋತ್ವಿ, ಮೊದಲು 48, ಆಮೇಲೆ 59. ಅಲ್ಲಿಂದ 8 ಕಪ್ಪಿನ ತನಕ ಬಂದಿರೋ ಟೀಮು ಸರ್ ಇದು.

ಪಣಂಬೂರು ಕೀಪರ್:

ಸ್ಕೋರ್‌ಬುಕ್ ಸರ್ ಹೇಳಿದ ಆ ಹೆಲ್ಮೆಟ್ ಕ್ಯಾಚಿಗೆ ಒಂದು ಮಾತು ಸೇರಿಸ್ತೇನೆ, ಮಗ ಖಂಡಿತ ಕೇಳ್ತಾನೆ ಅದಕ್ಕೆ. 2017ರ ಮೊದಲು ಫೀಲ್ಡರ್ ಹಾಕಿಕೊಂಡ ಹೆಲ್ಮೆಟ್ಟಿಗೆ ತಾಗಿ ಬಂದ ಚೆಂಡನ್ನು ಹಿಡಿದ್ರೆ ಔಟೇ ಇರ್ಲಿಲ್ಲ ಮಾರ್ರೆ. ಆ ವರ್ಷ ಅಕ್ಟೋಬರಿನಲ್ಲಿ ರೂಲ್ ಬದಲಾಯ್ತು, ಈಗ ಔಟ್ ಉಂಟು. ಹಳೇ ರೂಲ್ ಇದ್ದಿದ್ರೆ ಗುಜರಾತಿನವ್ರು ಇನ್ನೂ ಕ್ರೀಸಿನಲ್ಲೇ ಇರ್ತಿದ್ರು, ಕೇರಳ ಫೈನಲಿಗೆ ಹೋಗೋದು ಗ್ಯಾರಂಟಿ ಇರ್ಲಿಲ್ಲ.

ಮತ್ತೆ ಮೂರು ಟೀಮಿನ ಪ್ರಶ್ನೆ. ಇದು ಈಗಿನ ರಾಜ್ಯಗಳ ಮ್ಯಾಪ್ ಇಟ್ಕೊಂಡು ನೋಡಿದ್ರೆ ಅರ್ಥ ಆಗುವುದಿಲ್ಲ. ಕ್ರಿಕೆಟ್ ಅಸೋಸಿಯೇಷನ್ನುಗಳು ಹುಟ್ಟಿದ್ದು ಬ್ರಿಟಿಷರ ಕಾಲದಲ್ಲಿ, ಆಗ ಪ್ರೆಸಿಡೆನ್ಸಿಗಳು, ಸಂಸ್ಥಾನಗಳು. ಬರೋಡ ಒಂದು ಸಂಸ್ಥಾನ, ಅದರದ್ದೇ ಟೀಮು. ಇಂದೋರಿನ ಹೋಳ್ಕರರದ್ದೂ ಒಂದು ಟೀಮು ಇತ್ತು, ಸಿ.ಕೆ. ನಾಯುಡು ಆಡ್ತಾ ಇದ್ದದ್ದು ಅದರಲ್ಲಿ. ನಾಗಪುರದ ಕಡೆಯೆಲ್ಲ ಆಗ ಮಧ್ಯ ಪ್ರಾಂತ್ಯದಲ್ಲಿತ್ತು, ಬಾಂಬೆಗೂ ಅದಕ್ಕೂ ಸಂಬಂಧವೇ ಇರ್ಲಿಲ್ಲ. ಆಮೇಲೆ ಭಾಷೆಯ ಮೇಲೆ ರಾಜ್ಯಗಳನ್ನು ಮಾಡಿದ್ರು, ಅಸೋಸಿಯೇಷನ್ನುಗಳು ಹಾಗೆಯೇ ಉಳಿದವು. ಹಾಗಾಗಿ ಮಹಾರಾಷ್ಟ್ರದಲ್ಲಿ ಮೂರು, ಗುಜರಾತಿನಲ್ಲಿ ಗುಜರಾತ್, ಬರೋಡ, ಸೌರಾಷ್ಟ್ರ ಅಂತ ಮೂರು. ನಡುವೆ ಬಿಸಿಸಿಐಯಲ್ಲಿ ಒಂದು ರಾಜ್ಯಕ್ಕೆ ಒಂದೇ ವೋಟು ಅಂತ ಮಾಡ್ಲಿಕ್ಕೆ ಹೊರಟಿದ್ರು, 2018ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನು ಬಿಟ್ಟು ಈ ಆರಕ್ಕೂ ಪೂರ್ತಿ ಸದಸ್ಯತ್ವ ಕೊಟ್ಟಿತು. ರೈಲ್ವೇಸ್, ಸರ್ವಿಸಸ್ ಅಂತ ಊರೇ ಇಲ್ಲದ ಎರಡು ಟೀಮು ಬೇರೆ ಉಂಟು, ಒಂದು ರೈಲ್ವೆ ನೌಕರರದ್ದು, ಇನ್ನೊಂದು ಮಿಲಿಟರಿಯವರದ್ದು.

ನಮ್ಮದು ಅದರ ಉಲ್ಟಾ ನೋಡಿ. 1956ರವರೆಗೆ ಮಂಗಳೂರು ಮದ್ರಾಸಿನಲ್ಲಿತ್ತು, ನಿಮ್ಮ ಹುಬ್ಬಳ್ಳಿ ಬಾಂಬೆಯಲ್ಲಿತ್ತು. ಎಲ್ಲ ಒಟ್ಟಿಗೆ ಸೇರಿ ಒಂದೇ ಟೀಮಾದದ್ದು ನಾವು. ಸುರತ್ಕಲ್ಲಿನಲ್ಲಿ ಬೆಳೆದ ಕೆ.ಎಲ್. ರಾಹುಲ್, ದಾವಣಗೆರೆಯ ವಿನಯ್ ಕುಮಾರ್, ಒಂದೇ ಟೀಮಿನಲ್ಲಿ ಆಡಿ ಕಪ್ ಗೆದ್ರಲ್ಲ, ನಂಗೆ ಅದು ಭಾರಿ ಖುಷಿ ಕೊಡ್ತದೆ.

ಗಂಗೋತ್ರಿ ಮರದಡಿ:

ಹುಬ್ಬಳ್ಳಿ ಸರ್, ಹುಡುಗ ಕೂತ್ಕೋತಾನಾ ಇಲ್ವಾ ಅನ್ನೋ ಪ್ರಶ್ನೆಗೆ ನಾನು ಉತ್ತರ ಕೊಡ್ತೀನಿ. ನಾನು 2010ರ ಜನವರಿಲಿ ಮೈಸೂರಲ್ಲಿ ಡಿಗ್ರಿ ಓದ್ತಿದ್ದೆ, ಮಾನಸಗಂಗೋತ್ರಿ ಗ್ರೌಂಡಲ್ಲಿ ಕರ್ನಾಟಕ ಮುಂಬೈ ಫೈನಲ್ಲು. ಮೊದಲನೇ ದಿನ ಸುಮ್ನೆ ಕ್ಲಾಸ್ ಬಂಕ್ ಮಾಡ್ಬಿಟ್ಟು ಹೋಗಿದ್ದು ಕಣ್ರೀ, ರಣಜಿ ಬಗ್ಗೆ ಏನೇನೂ ಗೊತ್ತಿರ್ಲಿಲ್ಲ. ಮುಂಬೈ 233, ನಾವು 130ಕ್ಕೆ ಆಲೌಟು. ಲೀಡ್ ಹೋಯ್ತು, ಮುಗೀತು ಅಂತ ಪಕ್ಕದಲ್ಲಿ ಕೂತಿದ್ದ ಯಜಮಾನ್ರು ಹೇಳಿದ್ರು, ಲೀಡ್ ಅಂದ್ರೇನು ಅಂತ ಆವತ್ತೇ ಗೊತ್ತಾಗಿದ್ದು ನಂಗೆ. ಡ್ರಾ ಆದ್ರೆ ಮುಂಬೈಗೇ ಕಪ್ಪು, ಹಂಗಾಗಿ ಗೆಲ್ಲೋದೊಂದೇ ದಾರಿ. ಮುಂಬೈ ಎರಡನೇದ್ರಲ್ಲಿ 234, ನಮಗೆ 338 ಬೇಕು.

ಆಮೇಲೆ ಮನೀಶ್ ಪಾಂಡೆ ಆಡಿದ್ದು. ಅವ್ರಿಗಾಗ ಇಪ್ಪತ್ತು ವಯಸ್ಸು ಅಷ್ಟೇ. 144 ಹೊಡುದ್ರು, ಈ ಕಡೆ ಗಣೇಶ್ ಸತೀಶ್ 75. ಜನ ಎಷ್ಟು ಬಂದ್ರು ಅಂದ್ರೆ ಜಾಗಾನೇ ಇಲ್ಲ, ಕಾಂಪೌಂಡ್ ಮೇಲೆ, ಮರದ ಮೇಲೆ ಎಲ್ಲ ಕಡೆ ಹತ್ಕೊಂಡು ಕೂತಿದ್ರು, ನಾನೂ ಒಂದು ಮರದ ಬುಡದಲ್ಲಿ ನಿಂತ್ಕೊಂಡು ಮೇಲಿದ್ದವನು ಹೇಳೋ ಸ್ಕೋರ್ ಕೇಳಿಸ್ಕೋತಿದ್ದೆ. ಗೆದ್ದೇ ಗೆಲ್ತೀವಿ ಅನ್ನೋ ಹಂಗಾಗಿತ್ತು, ಪಾಂಡೆ ಔಟಾದ್ರು, ಅಗರ್ಕರ್ ಬಂದು ಒಂದೊಂದೇ ವಿಕೆಟ್ ಕಿತ್ಕೊಂಡು ಹೋದ್ರು, 331ಕ್ಕೆ ಆಲೌಟ್. ಆರೇ ಆರು ರನ್ನಿಂದ ಸೋತ್ವಿ. ಮರದ ಮೇಲಿದ್ದವನು ಸ್ವಲ್ಪ ಹೊತ್ತು ಕೆಳಗೇ ಇಳೀಲಿಲ್ಲ. ನಾನು ಹಾಸ್ಟೆಲ್‌ಗೆ ನಡ್ಕೊಂಡು ಹೋಗ್ತಾ ಅತ್ತಿದ್ದೀನಿ, ನಿಜವಾಗ್ಲೂ.

ಸೋತಿದ್ದು ಆ ಮ್ಯಾಚು, ಆದ್ರೆ ಅವತ್ತಿಂದ ಇವತ್ತಿನವರೆಗೂ ಒಂದು ಸೀಸನ್ನೂ ಬಿಟ್ಟಿಲ್ಲ. 2013-14, 2014-15 ಎರಡು ವರ್ಷ ರಣಜಿ, ಇರಾನಿ (ರಣಜಿ ಗೆದ್ದವರು ಉಳಿದ ಭಾರತದ ಟೀಮ್ ಮೇಲೆ ಆಡೋ ಕಪ್ಪು), ವಿಜಯ್ ಹಜಾರೆ ಒನ್‌ಡೇ ಮೂರನ್ನೂ ಗೆದ್ರಲ್ಲ, ಆಗ ಅದೇ ಪಾಂಡೆ, ವಿನಯ್, ಮಿಥುನ್ ಎಲ್ಲ ಇದ್ರು, ಮೈಸೂರಿನ ಸಾಲ ತೀರಿಸಿದ್ರು ಅನ್ಸಿತ್ತು. 2014-15ರಲ್ಲಿ ಬೆಂಗಳೂರಿನ ಸೆಮಿಫೈನಲ್ಲಲ್ಲಿ ಮುಂಬೈನ 44ಕ್ಕೆ ಆಲೌಟ್ ಮಾಡಿದ್ದು, ವಿನಯ್ ಕುಮಾರ್ 6 ವಿಕೆಟ್ಟು, ಅದರ ಸ್ಕೋರ್‌ಕಾರ್ಡ್ ಪ್ರಿಂಟ್ ತಗ್ಸಿ ಇಟ್ಕೊಂಡಿದ್ದೀನಿ. ಅದಾದ್ಮೇಲೆ ತಮಿಳುನಾಡು ಮೇಲೆ ಫೈನಲ್ಲಲ್ಲಿ ಕರುಣ್ ನಾಯರ್ 328.

ಒಂದು ಹೇಳ್ತೀನಿ, ನಾಲ್ಕೂ ದಿನ ಕೂರಿಸ್ಬೇಡಿ ಮಗನ್ನ. ಎರಡನೇ ದಿನ ಮಧ್ಯಾಹ್ನನೋ ಮೂರನೇ ದಿನ ಬೆಳಗ್ಗೇನೋ ಕರ್ಕೊಂಡು ಹೋಗಿ, ಲೀಡ್ ಕಿತ್ತಾಟ ನಡೆಯೋದು ಆವಾಗ್ಲೇ ಹೆಚ್ಚು. ಮತ್ತೆ ಸೈಡ್‌ಸ್ಕ್ರೀನ್ ಹತ್ರ ನೇರಕ್ಕೆ ಕೂರಿಸಿ, ಬಾಲ್ ಒಳಗೆ ಬರೋದು ಹೊರಗೆ ಹೋಗೋದು ಕಾಣ್ಸುತ್ತೆ. ಫೀಲ್ಡರ್‌ಗಳು ಏನ್ ಮಾತಾಡ್ತಾರೆ ಅನ್ನೋದೂ ಕೇಳ್ಸುತ್ತೆ ಇಲ್ಲಿ, ಐಪಿಎಲ್ಲಲ್ಲಿ ಪಕ್ಕದಲ್ಲಿ ಕೂತವರ ಮಾತೇ ಕೇಳ್ಸಲ್ಲ.

ನೇರ ಮಾತು:

ಎಲ್ಲರೂ ಹಳೇ ನೆನಪಲ್ಲೇ ಇದ್ದೀರ. ನಾನೂ ರಣಜಿ ನೋಡ್ತಿದ್ದವನೇ, ಈಗ ಬಿಟ್ಟಿದ್ದೀನಿ, ಯಾಕೆ ಅಂತ ಹೇಳ್ತೀನಿ. 38 ಟೀಮು. 2018-19ರಲ್ಲಿ ಒಂದೇ ಸಲ 9 ಹೊಸ ಟೀಮು ಸೇರಿಸಿದ್ರು, ಕೆಲವು ಮ್ಯಾಚ್‌ನಲ್ಲಿ ಆಟದ ಮಟ್ಟ ನೋಡೋಕಾಗಲ್ಲ. ದೊಡ್ಡ ಆಟಗಾರರು ಬರೋದೇ ಇಲ್ಲ, ಕೊಹ್ಲಿ ಡೆಲ್ಲಿ ಪರ ರಣಜಿ ಆಡಿದ್ದು 12 ವರ್ಷ ಆದ್ಮೇಲೆ. ಸೀಸನ್ನನ್ನೂ ಎರಡು ತುಂಡು ಮಾಡಿದ್ದಾರೆ, ಅರ್ಧ ರಣಜಿ ಆಡಿಸಿ ನಿಲ್ಸಿ, ಮಧ್ಯ ಮುಷ್ತಾಕ್ ಅಲಿ ಟಿ20, ವಿಜಯ್ ಹಜಾರೆ ಒನ್‌ಡೇ ಆಡಿಸಿ ಮತ್ತೆ ರಣಜಿ, ಯಾರು ಎಲ್ಲಿದ್ದಾರೆ ಅಂತ ನೆನಪಿರಲ್ಲ. ಮತ್ತೆ ಈ ಲೀಡ್ ನಿಯಮ ಎಲ್ಲರೂ ಹೊಗಳ್ತಿದ್ದೀರ, ನನ್ನ ಪ್ರಕಾರ ಅದೇ ರೋಗ. ಲೀಡ್ ಸಿಕ್ಕಿದ್ಮೇಲೆ ಗೆಲ್ಲೋಕೆ ಹೋಗಲ್ಲ, ಸುಮ್ನೆ ಬ್ಯಾಟ್ ಮಾಡ್ತಾ ಕೂರ್ತಾರೆ. ಫೈನಲ್ ಡ್ರಾ ಆಗಿ ಕಪ್ ಕೊಡೋದು ನೋಡಿ ಆ ಹುಡುಗ ಕೇಳಿದ್ದೇ ಸರಿ.

ನವುಲೆ ಲೆಗ್‌ಸ್ಪಿನ್:

ನೇರ ಮಾತು ಅವರೇ, ಲೀಡ್ ವಿಷಯದಲ್ಲಿ ನಿಮ್ಮ ಮಾತು ಪೂರ್ತಿ ತೆಗೆದುಹಾಕಲ್ಲ, ಫ್ಲಾಟ್ ಪಿಚ್ ಸಿಕ್ಕಿದ್ರೆ ಮೂರನೇ ದಿನದಿಂದ ಮ್ಯಾಚ್ ಸತ್ತುಹೋಗೋದು ನಾನೂ ನೋಡಿದೀನಿ. ಆದ್ರೆ ಟೀಮ್ ಜಾಸ್ತಿ ಅನ್ನೋದಕ್ಕೆ ಒಪ್ಪಲ್ಲ. 2025ರ ಜನವರಿಯಲ್ಲಿ ಮುಂಬೈನಲ್ಲೇ ಹೋಗಿ ಜಮ್ಮು ಕಾಶ್ಮೀರದವರು ಮುಂಬೈನ 5 ವಿಕೆಟ್‌ನಿಂದ ಸೋಲಿಸಿದ್ರು, ಆ ಮುಂಬೈ ಟೀಮಲ್ಲಿ ರೋಹಿತ್ ಶರ್ಮಾ, ಜೈಸ್ವಾಲ್, ರಹಾನೆ, ಶ್ರೇಯಸ್ ಅಯ್ಯರ್ ಎಲ್ಲ ಇದ್ರು. ವಿದರ್ಭಾನೇ ತಗೊಳ್ಳಿ, 2017-18ಕ್ಕಿಂತ ಮುಂಚೆ ಅವರನ್ನ ಯಾರೂ ಲೆಕ್ಕಕ್ಕೇ ಇಡ್ತಿರ್ಲಿಲ್ಲ, ಈಗ 3 ಕಪ್ಪು. ಆ ಮೊದಲನೇ ಕಪ್ಪಿನ ವರ್ಷ ಕೋಲ್ಕತ್ತದ ಸೆಮಿಫೈನಲ್‌ನಲ್ಲಿ ನಮ್ಮನ್ನೇ 5 ರನ್ನಿಂದ ಸೋಲಿಸಿದ್ರು, ಅವರ ಬೌಲರ್ ಗುರ್ಬಾನಿ ಕೊನೇ ಇನ್ನಿಂಗ್ಸ್‌ನಲ್ಲಿ 7 ವಿಕೆಟ್ಟು. ಮೈಸೂರಲ್ಲಿ 6 ರನ್ನು, ಕೋಲ್ಕತ್ತದಲ್ಲಿ 5 ರನ್ನು, ನಮ್ಮ ಹಣೆಬರಹ. ಹೊಸ ಟೀಮುಗಳಲ್ಲಿ ಹೆಚ್ಚಿನವು ಪ್ಲೇಟ್ ಅನ್ನೋ ಕೆಳಗಿನ ಗುಂಪಲ್ಲಿ, ಅಲ್ಲಿ ಆರೇ ಟೀಮು ಇರೋದು, ಉಳಿದ 32 ಎಲೀಟ್ ಅನ್ನೋ ಮೇಲಿನ ಹಂತದಲ್ಲಿ, ಎಂಟೆಂಟರ ನಾಲ್ಕು ಗುಂಪು. ಅವರಿಗೂ ಒಂದು ದಾರಿ ಬೇಡ್ವಾ?

ನಾನು ಶಿವಮೊಗ್ಗ ವಲಯದ ಪರ ಅಂಡರ್-16, ಅಂಡರ್-19 ಆಡಿದೀನಿ, ಅದಕ್ಕಿಂತ ಮೇಲೆ ಹೋಗೋಕಾಗ್ಲಿಲ್ಲ. ನಮ್ಮಪ್ಪ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೀತಿದ್ರು, ಒಂದು ಜೊತೆ ಸ್ಪೈಕ್ ಶೂ ತೆಗೆಸಿಕೊಡೋಕೆ ಎರಡು ತಿಂಗಳು ಕಾಯ್ತಿದ್ರು. ಸೆಲೆಕ್ಷನ್ ಮ್ಯಾಚಿಗೆ ಅಂತ ರಾತ್ರಿ ಬಸ್ಸಲ್ಲಿ ಬೆಂಗಳೂರಿಗೆ ಹೋಗಿ ಬೆಳಗ್ಗೆ ಇಳಿದು ಮುಖ ತೊಳ್ಕೊಂಡು ನೇರ ಗ್ರೌಂಡಿಗೆ ಹೋಗಿ ಹನ್ನೆರಡು ಓವರ್ ಹಾಕಿದೀನಿ. ಅದಕ್ಕೇ ರಣಜಿ ಆಡೋ ಪ್ರತಿಯೊಬ್ಬನ ಮೇಲೂ ನಂಗೆ ಗೌರವ, ಅಲ್ಲಿಗೆ ಹೋಗೋದು ಎಷ್ಟು ಕಷ್ಟ ಅಂತ ಗೊತ್ತು. ಅಂಡರ್-16ಗೆ ವಿಜಯ್ ಮರ್ಚೆಂಟ್, ಅಂಡರ್-19ಗೆ ಕೂಚ್ ಬೆಹಾರ್, ಅಂಡರ್-23ಗೆ ಸಿ.ಕೆ. ನಾಯುಡು ಟ್ರೋಫಿ, ಇಷ್ಟು ಮೆಟ್ಟಿಲು ಹತ್ತಿ ಆಮೇಲೆ ರಣಜಿ. ಈಗ ದುಡ್ಡಾದ್ರೂ ಪರವಾಗಿಲ್ಲ, 20 ಮ್ಯಾಚ್ ತನಕ ಆಡಿದವನಿಗೆ ದಿನಕ್ಕೆ ₹40,000, 21ರಿಂದ 40ರವರೆಗೆ ₹50,000, ಅದಕ್ಕಿಂತ ಹೆಚ್ಚು ಆಡಿದ್ರೆ ₹60,000, ಅಂದ್ರೆ ಹೊಸಬನಿಗೂ ಒಂದು ಲೀಗ್ ಮ್ಯಾಚಿಗೆ ₹1,60,000 ಆಯ್ತು. ಐಪಿಎಲ್ ಸಿಗದ ಹುಡುಗನಿಗೆ ಮನೆ ನಡೆಸೋಕೆ ಇದೇ ಆಧಾರ. ರಿಸರ್ವ್‌ನಲ್ಲಿ ಕೂತವನಿಗೆ ಅದರ ಅರ್ಧ.

ಮತ್ತೆ ಹುಬ್ಬಳ್ಳಿ ಸರ್‌ಗೆ ಒಂದು ವಿಷಯ, ರಣಜಿಯೇ ಆಗ್ಬೇಕು ಅಂತಿಲ್ಲ. 2024ರ ಜನವರಿಯಲ್ಲಿ ನಮ್ಮ ಶಿವಮೊಗ್ಗದ ನವುಲೆ ಗ್ರೌಂಡಲ್ಲಿ ಕೂಚ್ ಬೆಹಾರ್ ಫೈನಲ್, ಮುಂಬೈ ಮೇಲೆ. ಪ್ರಖರ್ ಚತುರ್ವೇದಿ ಅನ್ನೋ ಹುಡುಗ ಓಪನಿಂಗ್ ಬಂದು 404 ನಾಟ್ ಔಟ್. ಆ ಟ್ರೋಫಿಯ ಫೈನಲ್‌ನಲ್ಲಿ ಯುವರಾಜ್ ಸಿಂಗ್ ಹೊಡೆದಿದ್ದ 358 ದಾಟಿಬಿಟ್ಟ. ಕರ್ನಾಟಕ 8 ವಿಕೆಟ್‌ಗೆ 890, ಅಲ್ಲೂ ಲೀಡ್ ಮೇಲೇ ಕಪ್ಪು, ಕರ್ನಾಟಕಕ್ಕೆ ಮೊದಲನೇ ಕೂಚ್ ಬೆಹಾರ್. ನಾನು ಅಂಗಡಿ ತಮ್ಮನಿಗೆ ಬಿಟ್ಟು ಎರಡು ದಿನ ಅಲ್ಲೇ ಇದ್ದೆ. ಅವನು 300 ದಾಟಿದ್ಮೇಲೂ ಪ್ರತಿ ಬಾಲಿಗೂ ಗಾರ್ಡ್ ತಗೊಂಡು ಮೊದಲನೇ ಬಾಲ್ ಆಡೋ ತರಾನೇ ನಿಲ್ತಿದ್ದ, ಅದನ್ನ ನೋಡೋಕೆ ಒಬ್ಬ ಹನ್ನೊಂದು ವರ್ಷದ ಹುಡುಗ ಅಲ್ಲಿರ್ಬೇಕಿತ್ತು.

ರಾಜನಗರ ಎಂಡ್:

ಎಲ್ಲಾರಿಗೂ ಭಾಳ ಧನ್ಯವಾದ ರೀ, ಇಷ್ಟು ಬರೀತೀರಂತ ಅಂದ್ಕೊಂಡಿರ್ಲಿಲ್ಲ. ಮಗಗ ಓದಿ ಹೇಳಿದೆ, ಪಣಂಬೂರು ಸರ್ ಹೇಳಿದಂಗ ಆತು, ಹೆಲ್ಮೆಟ್ ಕ್ಯಾಚ್ ಕಥಿ ಮುಗಿಯೂದ್ರೊಳಗ "ಹೆಲ್ಮೆಟ್‌ಗೆ ಬಡದ್ರೂ ಔಟೇನು" ಅಂತ ಕೇಳೇಬಿಟ್ಟ. ಮೂರು ಸಲ ಆ ವಿಡಿಯೋ ನೋಡಿದ. ಆದ್ರ ಕರುಣ್ ನಾಯರ್ ವಿಷಯ ಯಾರೂ ಹೇಳ್ಲಿಲ್ಲ ನೋಡ್ರಿ. ಒಂದು ರಾಜ್ಯದಾಗ ಬೆಳದಾಂವ ಇನ್ನೊಂದು ರಾಜ್ಯಕ್ಕ ಹೋಗಿ ಆಡಬಹುದೇನ್ರಿ?

ಹಳೇ ಸ್ಕೋರ್‌ಬುಕ್:

ಆಡಬಹುದು ಸರ್. ಇರೋ ಅಸೋಸಿಯೇಷನ್‌ನಿಂದ ಎನ್‌ಒಸಿ, ಅಂದ್ರೆ ನಮ್ಮ ಆಕ್ಷೇಪ ಇಲ್ಲ ಅನ್ನೋ ಪತ್ರ, ತಗೊಂಡು ಬೇರೆ ಕಡೆ ಹೋಗಬಹುದು. ನಮ್ಮಲ್ಲಿ ಹೋದವರು ಬಹಳ ಜನ, ರಾಬಿನ್ ಉತ್ತಪ್ಪ ಸೌರಾಷ್ಟ್ರಕ್ಕೆ, ಆಮೇಲೆ ಕೇರಳಕ್ಕೆ ಹೋದ್ರು, ವಿನಯ್ ಕುಮಾರ್ ಕೊನೆಗೆ ಪುದುಚೇರಿಗೆ ಆಡಿದ್ರು, ಮೈಸೂರು ಫೈನಲ್‌ನಲ್ಲಿ 75 ಹೊಡೆದ ಅದೇ ಗಣೇಶ್ ಸತೀಶ್ ವಿದರ್ಭಕ್ಕೆ ಹೋಗಿ ಅಲ್ಲಿ ರಣಜಿ ಗೆದ್ದ ಟೀಮಲ್ಲಿದ್ರು. 2024-25ರ ಆ ಫೈನಲ್‌ನಲ್ಲಿ ಕೇರಳಕ್ಕೆ ಆಡಿದ ಆದಿತ್ಯ ಸರ್ವಟೆ ವಿದರ್ಭದವರೇ, ಗುಜರಾತ್ ಸೆಮಿಫೈನಲ್‌ನಲ್ಲಿ ಆ ಹೆಲ್ಮೆಟ್ ವಿಕೆಟ್ ತಗೊಂಡ ಬೌಲರ್ ಅವರು.

ಕರುಣ್‌ದು ಸ್ವಲ್ಪ ನೋವಿನ ಕಥೆ. ಟೆಸ್ಟ್‌ನಲ್ಲಿ 303 ಹೊಡೆದ ಆಟಗಾರ, ಕರ್ನಾಟಕ ಟೀಮಲ್ಲೇ ಜಾಗ ಹೋಯ್ತು. 2022ರ ಡಿಸೆಂಬರ್‌ನಲ್ಲಿ ಕ್ರಿಕೆಟ್ಟೇ, ನಂಗಿನ್ನೊಂದು ಅವಕಾಶ ಕೊಡು ಅನ್ನೋ ಅರ್ಥದಲ್ಲಿ ಟ್ವೀಟ್ ಹಾಕಿದ್ರು. ಆಮೇಲೆ ವಿದರ್ಭಕ್ಕೆ ಹೋದ್ರು. 2024-25ರ ವಿಜಯ್ ಹಜಾರೆಯಲ್ಲಿ 5 ಸೆಂಚುರಿ, 779 ರನ್, ಔಟೇ ಆಗ್ತಿರ್ಲಿಲ್ಲ. ಫೈನಲ್ ಯಾರ ಮೇಲೆ ಅಂದ್ರೆ ಕರ್ನಾಟಕದ ಮೇಲೆ! ವಡೋದರಾದಲ್ಲಿ ನಮ್ಮ ಸ್ಮರಣ್ ಸೆಂಚುರಿ ಹೊಡೆದು, 36 ರನ್ನಿಂದ ನಾವು ಗೆದ್ವಿ, ನಮ್ಮ ಐದನೇ ವಿಜಯ್ ಹಜಾರೆ. ನಾನು ಆವತ್ತು ಕರ್ನಾಟಕ ಗೆಲ್ಲಲಿ ಅಂತಾನೂ ಕರುಣ್ ಚೆನ್ನಾಗಿ ಆಡ್ಲಿ ಅಂತಾನೂ ಕೂತಿದ್ದೆ, ಯಾವ ಕಡೆ ಚಪ್ಪಾಳೆ ತಟ್ಟೋದು ಅಂತ ಗೊತ್ತಾಗ್ಲಿಲ್ಲ. ಆಮೇಲೆ ರಣಜಿ ಗೆದ್ದು, 2025ರ ಇಂಗ್ಲೆಂಡ್ ಪ್ರವಾಸಕ್ಕೆ ಇಂಡಿಯಾ ಟೀಮಿಗೂ ವಾಪಸ್ ಬಂದ್ರು. ನೇರ ಮಾತು ಅವರು ಕೇಳಿದ್ರಲ್ಲ ರಣಜಿಯಿಂದ ಏನು ಪ್ರಯೋಜನ ಅನ್ನೋ ಧಾಟಿಯಲ್ಲಿ, ಎಂಟು ವರ್ಷ ಹೊರಗಿದ್ದವರು ಡೊಮೆಸ್ಟಿಕ್ ರನ್ ಹೊಡೆದು ಹೊಡೆದೇ ಬಾಗಿಲು ತೆಗೆಸಿದ್ದು. ಖುಷಿ ವಿಷಯ ಏನಂದ್ರೆ 2025-26ರ ಸೀಸನ್‌ಗೆ ವಾಪಸ್ ಕರ್ನಾಟಕಕ್ಕೆ ಬಂದ್ರು.

ನೇರ ಮಾತು:

ಕರುಣ್ ವಿಷಯದಲ್ಲಿ ಒಪ್ತೀನಿ. ಲೀಡ್ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ, ಕನಿಷ್ಠ ಫೈನಲ್ ಆದ್ರೂ ಫಲಿತಾಂಶ ಬರೋ ತನಕ ಆಡಿಸ್ಬೇಕು. ಆದ್ರೆ ಹುಡುಗನ್ನ ಕರ್ಕೊಂಡು ಹೋಗಿ ಸರ್, ಅದಕ್ಕೆ ನನ್ನ ವಿರೋಧ ಇಲ್ಲ.

ಅಂಚಟಗೇರಿ ಎಕ್ಸ್‌ಪ್ರೆಸ್:

ರಾಜನಗರ ಸರ, ನಾನೂ ಹುಬ್ಬಳ್ಳಿ ಕಡೆಯಾಂವನ. ನೀವು ಸ್ಟೇಡಿಯಂ ಬಾಜೂ ಇದ್ದು ಹೋಗಿಲ್ಲಂದ್ರ ಹೆಂಗ್ರಿ? 2024ರ ಜನವರಿಯಾಗ ಪಂಜಾಬ್ ಮ್ಯಾಚ್ ಅಲ್ಲೇ ಆತು, ಕೊಡಗಿನ ಕಾವೇರಪ್ಪ ಮೊದಲನೇ ಇನ್ನಿಂಗ್ಸ್‌ನಾಗ 7 ವಿಕೆಟ್ ತಗೊಂಡ, ದೇವದತ್ತ ಪಡಿಕ್ಕಲ್ 193 ಹೊಡದ, ಮನೀಶ್ ಪಾಂಡೆ ಸೆಂಚುರಿ. ನಾ ಬೆಳಿಗ್ಗೆ ಡ್ಯೂಟಿ ಮುಗಿಸಿ ಹೋಗಿ ಕುಂತಿದ್ದೆ, ಪಡಿಕ್ಕಲ್ ಕವರ್ ಡ್ರೈವ್ ಹೊಡದಾಗ ಬರೂ ಆವಾಜ್ ಟೀವಿಯಾಗ ಕೇಳಂಗಿಲ್ಲರಿ, ಅದು ಅಲ್ಲೇ ಕೇಳ್ಬೇಕು.

ಮಗಗ ಸುನೀಲ್ ಜೋಶಿ ಬಗ್ಗೆ ಹೇಳ್ರಿ. ಗದಗಿನಾಂವ. ಸಣ್ಣಾಂವಿದ್ದಾಗ ನಸುಕಿನ್ಯಾಗ ಎದ್ದು ಗದಗಿನಿಂದ ಹುಬ್ಬಳ್ಳಿಗೆ ಪ್ರ್ಯಾಕ್ಟೀಸಿಗೆ ಬಂದು, ಸಾಲಿ ಶುರು ಆಗೂದ್ರೊಳಗ ತಿರುಗಿ ಗದಗಿಗೆ ಹೋಗ್ತಿದ್ರಂತ. ಮುಂದ ಅಂವರ ನೈರೋಬಿಯೊಳಗ 1999ರಾಗ ಸೌತ್ ಆಫ್ರಿಕಾ ಮ್ಯಾಲೆ 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಕರ್ನಾಟಕ ಟೀಮ್‌ನಾಗ ಯಾರದಾರ ಅಂತ ಕೇಳಿದ್ನಲ್ಲ, ನಮ್ಮ ರೈಲಿನ್ಯಾಗ ಓಡಾಡಿದವರ ಅಲ್ಲಿ ಆಡ್ಯಾರ ಅಂತ ಹೇಳ್ರಿ.

ರಾಜನಗರ ಎಂಡ್:

ಖರೇ ಐತ್ರಿ, ಇಷ್ಟು ಹತ್ರ ಇದ್ದು ಹೋಗಿಲ್ಲ ಅನ್ನೂದು ಈಗ ಮನಸಿಗೆ ಹತ್ತೈತಿ. ಜೋಶಿ ಕಥಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮ ಕುಂತ, ಆಮ್ಯಾಲೆ "ಗದಗಿನಿಂದ ಬೆಳಿಗ್ಗೆ ಎಷ್ಟೊತ್ತಿಗೆ ಟ್ರೇನ್ ಐತಿ" ಅಂತ ಕೇಳಿದ, ನಾವ ಇಲ್ಲೇ ಹುಬ್ಬಳ್ಳಿಯಾಗ ಇದ್ದೀವಪಾ ನಿನಗ್ಯಾಕ ಟ್ರೇನು ಅಂದೆ, "ಹಂಗಾದ್ರ ನಾ ಐದಕ್ಕ ಎದ್ರ ಸಾಕು" ಅಂದ. ಇವತ್ತು ಎದ್ದಿದ್ದ ರೀ, ಅಲಾರಂ ನನ್ನ ಮೊಬೈಲ್‌ನಾಗ ಇಟ್ಟಿದ್ದ.

ಸ್ಕೋರ್‌ಬುಕ್ ಸರ್, ನಿಮಗ ಒಂದು ಕೊನೀ ಪ್ರಶ್ನೆ. ನೀವು ಹೈಸ್ಕೂಲ್‌ನಾಗ ಇದ್ದಾಗ ನೋಟ್‌ಬುಕ್ಕಿನ್ಯಾಗ ಸ್ಕೋರ್ ಹೆಂಗ ಬರೀತಿದ್ರಿ, ಗೆರಿ ಹೆಂಗ ಹಾಕ್ತಿದ್ರಿ? ಒಂದು ಪುಟದ ಫೋಟೋ ಹಾಕ್ರಿ ದಯಮಾಡಿ. ಅಂವ ಉದ್ದನ್ನ ನೋಟ್‌ಬುಕ್ ತಗೊಂಡು ಕುಂತಾನ, ಮೊದಲನೇ ಸಾಲಿನ್ಯಾಗ ಕರ್ನಾಟಕ ಅಂತ ಬರದು ಮುಂದ ಗೊತ್ತಾಗವಲ್ದು.